ಅಯಸ್ಕಾಂತಕ್ಕೆ ಅಂಟದ ಯು-ಬೋಲ್ಟು

ಕಾರವಾರದ ಶಿರವಾಡ ಕಡೆಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಟೆಂಡರು ಮತ್ತು ಖರೀದಿ ನೋಡಿಕೊಳ್ಳುವುದು ನನ್ನ ಕೆಲಸ. ಹಡಗು ರಿಪೇರಿಯ ಗುತ್ತಿಗೆ ಹಿಡಿದ ದೊಡ್ಡ ಕಂಪನಿಗಳಿಗೆ ಕ್ಲ್ಯಾಂಪು, ಫ್ಲ್ಯಾಂಜು, ಬ್ರಾಕೆಟ್ಟು, ಪೈಪ್ ಸ್ಪೂಲುಗಳನ್ನು ಪೂರೈಸುವ, ಹದಿನಾಲ್ಕು ಜನರ ಶೆಡ್ಡು ನಮ್ಮದು. ಸಂಜೆ ನಾಲ್ಕಕ್ಕೆ ಚಹಾ ಬಂದಾಗ ದೇಶದ ರಕ್ಷಣಾ ಖರೀದಿಯ ಮೇಲೆ ಚರ್ಚೆ ನಡೆಯುವುದು ಇಲ್ಲಿನ ವಾಡಿಕೆ. ಕದಂಬ ನೌಕಾನೆಲೆಯ ನೆರೆಯಲ್ಲಿ ಇರುವವರಿಗೆ ಈ ವಿಷಯ ಬಿಟ್ಟರೆ ಉಳಿಯುವುದು ಮೀನಿನ ದರವೊಂದೇ. ಆ ಚರ್ಚೆಯಲ್ಲಿ ಒಂದು ಪಕ್ಷ ನಾನು. ಇನ್ನೊಂದು ಪಕ್ಷ, ನೌಕಾಪಡೆಯ ಎಂಜಿನ್ ರೂಮಿನಲ್ಲಿ ಹದಿನೈದು ವರ್ಷ ದುಡಿದು ನಿವೃತ್ತರಾಗಿ ಈಗ ನಮ್ಮ ಸ್ಟೋರ್ ನೋಡಿಕೊಳ್ಳುತ್ತಿರುವ ಹಿರಿಯರು. ಅವರನ್ನು ಮಾಲೀಕರೂ ಸೇರಿ ಎಲ್ಲರೂ ಕರೆಯುವುದು ಚೀಫ್ ಎಂದೇ.

ನನ್ನ ವಾದ ಯಾವಾಗಲೂ ವೇಗದ ಪರ. 2007ರಲ್ಲಿ 126 ಯುದ್ಧ ವಿಮಾನಗಳಿಗೆಂದು ಆರ್‌ಎಫ್‌ಪಿ (ಪೂರೈಕೆದಾರರಿಂದ ಪ್ರಸ್ತಾವದ ಆಹ್ವಾನ) ಹೊರಡಿಸಿ, ಹಾರಿಸಿ ನೋಡಿ, ಎಲ್1 (ಎಲ್ಲರಿಗಿಂತ ಕಡಿಮೆ ದರದವರು) ಯಾರೆಂದು 2012ರಲ್ಲಿ ತೀರ್ಮಾನಿಸಿ, ಮತ್ತೆ ದರದ ಮಾತುಕತೆಯಲ್ಲಿ ಸಿಕ್ಕಿಬಿದ್ದು, ಕೊನೆಗೆ 2016ರಲ್ಲಿ 36 ರಫೇಲ್‌ಗಳಿಗೆ ಸಹಿ ಹಾಕಿ, ಮೊದಲ ಐದು ಅಂಬಾಲಾದಲ್ಲಿ ಇಳಿದದ್ದು 2020ರ ಜುಲೈನಲ್ಲಿ ಎಂಬುದನ್ನು ನಾನು ಮಗ್ಗಿಯಂತೆ ಒಪ್ಪಿಸಬಲ್ಲೆ. 1986ರಲ್ಲಿ 410 ಬೋಫೋರ್ಸ್ ಫಿರಂಗಿಗಳಿಗೆ ಒಪ್ಪಂದವಾದ ಮೇಲೆ ವಿದೇಶದಿಂದ 155 ಮಿಲಿಮೀಟರ್‌ನ ಮತ್ತೊಂದು ಹಾವಿಟ್ಜರ್ ತರಿಸಲು ಸಹಿ ಬೀಳಬೇಕಾದರೆ 2016 ಬಂತು. ಕಲ್ವರಿ ಜಲಾಂತರ್ಗಾಮಿಯ ಒಪ್ಪಂದ 2005ರದ್ದು, ಅದು ನೌಕಾಪಡೆಗೆ ಸೇರಿದ್ದು 2017ರ ಡಿಸೆಂಬರಿನಲ್ಲಿ. ಸೇರುವಾಗ ಅದಕ್ಕೆಂದೇ ಆಯ್ಕೆಯಾಗಿದ್ದ ಟಾರ್ಪಿಡೊ ಇರಲಿಲ್ಲ, ಏಕೆಂದರೆ ಅದನ್ನು ಮಾಡುವ ಕಂಪನಿಯ ಮಾತೃಸಂಸ್ಥೆ ಗಣ್ಯರ ಹೆಲಿಕಾಪ್ಟರ್ ಹಗರಣದಲ್ಲಿ ಸಿಲುಕಿತ್ತು. ಕಳ್ಳನನ್ನು ಹಿಡಿಯುವ ಗಡಿಬಿಡಿಯಲ್ಲಿ ಮನೆಗೆ ಅಕ್ಕಿ ತರುವುದನ್ನೇ ನಿಲ್ಲಿಸಿದ ಯಜಮಾನನ ಕತೆ ಇದು ಎಂದು ನಾನು ಹೇಳುತ್ತಿದ್ದೆ. ಪ್ರತಿ ಹಂತದಲ್ಲೂ ತಪಾಸಣೆ, ತಪಾಸಣೆಯ ಮೇಲೊಂದು ತಪಾಸಣೆ, ಹೀಗಾದರೆ ಸೈನ್ಯ ಆಧುನಿಕವಾಗುವುದು ಯಾವ ಕಾಲಕ್ಕೆ ಎಂಬುದು ನನ್ನ ಪಲ್ಲವಿ.

ಚೀಫ್ ಇದಕ್ಕೆಲ್ಲ ಒಂದೇ ಶಬ್ದದಲ್ಲಿ ಉತ್ತರ ಕೊಡುವವರು: "ಇಟ್ಟಿಗೆ." ವಿಮಾನವಾಹಕ ಹಡಗು ವಿಕ್ರಮಾದಿತ್ಯದ ಇಟ್ಟಿಗೆ. 2004ರಲ್ಲಿ 97.4 ಕೋಟಿ ಡಾಲರಿಗೆ ಕುದುರಿದ, ರಷ್ಯಾದಿಂದ ಕೊಂಡು ವಿಕ್ರಮಾದಿತ್ಯ ಎಂದು ಹೆಸರಿಟ್ಟ ಗೋರ್ಷ್ಕೋವ್ ಹಡಗಿನ ವ್ಯವಹಾರ ಆಮೇಲೆ 230 ಕೋಟಿ ಡಾಲರನ್ನೂ ದಾಟಿದ್ದು ಅವರಿಗೆ ಅಷ್ಟು ದೊಡ್ಡ ಸಂಗತಿಯಲ್ಲ. 2012ರ ಸಮುದ್ರ ಪರೀಕ್ಷೆಯಲ್ಲಿ ಪೂರ್ಣ ವೇಗಕ್ಕೆ ಏರಿಸಿದಾಗ ಬಾಯ್ಲರುಗಳು ಕೈಕೊಟ್ಟವು; ಆಸ್ಬೆಸ್ಟಾಸ್ ಬೇಡವೆಂದಿದ್ದರಿಂದ ಅದರ ಬದಲು ಹಾಕಿದ್ದ ಬೆಂಕಿ ಇಟ್ಟಿಗೆಗಳು ತಾಪ ತಾಳಲಿಲ್ಲವೆಂದು ಆಗ ವರದಿಯಾಯಿತು; ಹಡಗಿನ ಹಸ್ತಾಂತರ ಮತ್ತೊಂದು ವರ್ಷ ಮುಂದೆ ಹೋಗಿ 2013ರ ನವೆಂಬರಿಗೆ ಬಂತು. "ಇಷ್ಟು ಸಾವಿರ ಟನ್ನಿನ ಹಡಗನ್ನ ನಿಲ್ಲಿಸಿದ್ದು ಇಟ್ಟಿಗೆ, ತಮಾ. ನೀ ವಿಮಾನದ ರೇಟು ಹೇಳ್ತಿ," ಎಂದು ಅವರು ಚಹಾದ ಗ್ಲಾಸು ಕೆಳಗಿಡುತ್ತಿದ್ದರು. ಉಗಿಯ ಬಾಯ್ಲರಿನ ಬುಡದಲ್ಲಿ ಬೆವರಿದ ಮನುಷ್ಯನ ಹಳೆಯ ಹಳಹಳಿಕೆ ಎಂದು ನಾನು ಅದನ್ನು ತಳ್ಳಿಹಾಕುತ್ತಿದ್ದೆ.

ನನ್ನ ತಿಳಿವಳಿಕೆಯ ಮೇಲೆ ನನಗಿದ್ದ ಭರವಸೆ ಎಂಥದ್ದು ಎಂಬುದಕ್ಕೆ ಇನ್ನೊಂದು ಉದಾಹರಣೆ ಸಾಕು. ಒಮ್ಮೆ ಶಿರಸಿಯಿಂದ ಬಂದ ನಮ್ಮ ಮನೆಯವರನ್ನೆಲ್ಲ ಟ್ಯಾಗೋರ್ ಕಡಲತೀರದ ಚಪಲ್ ಯುದ್ಧನೌಕೆಯ ಮುಂದೆ ನಿಲ್ಲಿಸಿ, 1971ರಲ್ಲಿ ಕರಾಚಿಗೆ ಬೆಂಕಿ ಇಟ್ಟದ್ದು ಇದೇ ದೋಣಿ ಎಂದು ಕಾಲು ಗಂಟೆ ವಿವರಿಸಿದ್ದೆ. ಮರುದಿನ ಚೀಫ್ ತಣ್ಣಗೆ ಹೇಳಿದರು: ಕರಾಚಿಗೆ ಹೋದವು ನಿಪಾತ್, ನಿರ್ಘಾತ್, ವೀರ್, ಆಮೇಲೆ ವಿನಾಶ್, ಚಪಲ್ ಸೇವೆಗೆ ಸೇರಿದ್ದೇ 1976ರಲ್ಲಿ.

ವಿಷಯಕ್ಕೆ ಬರುತ್ತೇನೆ. ಕಳೆದ ಅಕ್ಟೋಬರಿನಲ್ಲಿ ಒಬ್ಬ ಮುಖ್ಯ ಗುತ್ತಿಗೆದಾರರಿಂದ 640 ಯು-ಬೋಲ್ಟುಗಳ ಆರ್ಡರು ನಮಗೆ ಸಿಕ್ಕಿತು. ಉಪ್ಪುನೀರಿನ ಪೈಪುಗಳನ್ನು ಹಿಡಿದಿಡುವ ಸರಕು. ಮೆಟೀರಿಯಲ್ ಎಸ್‌ಎಸ್ 316, ಅಂದರೆ ಉಪ್ಪುನೀರು ತಾಳಲೆಂದು ಮಾಲಿಬ್ಡಿನಮ್ ಬೆರೆಸಿದ ಸ್ಟೇನ್‌ಲೆಸ್ ಸ್ಟೀಲು; ಜೊತೆಗೆ ಎಂಟಿಸಿ, ಅಂದರೆ ಲೋಹದ ಪರೀಕ್ಷೆಯ ಪ್ರಮಾಣಪತ್ರ, ಕಡ್ಡಾಯ. ರಿವರ್ಸ್ ಆಕ್ಷನ್ನಿನ (ದರ ಇಳಿಸುತ್ತ ಹೋಗುವ ಆನ್‌ಲೈನ್ ಹರಾಜಿನ) ಕೊನೆಯ ಹತ್ತು ನಿಮಿಷದಲ್ಲಿ ಪೋರ್ಟಲ್ ಎರಡು ಬಾರಿ ನನ್ನನ್ನು ಹೊರಗೆ ಹಾಕಿ ಮತ್ತೆ ಒಟಿಪಿ ಕೇಳಿತು. ಒಳಗೆ ಬಂದವನೇ ಸಿಟ್ಟಿನಲ್ಲಿ ದರವನ್ನು ಒಮ್ಮೆಗೇ ಶೇಕಡಾ 11 ಇಳಿಸಿದೆ. ಎಲ್1 ಆದೆವು. ಮಾಲೀಕರು ಎಲ್ಲರಿಗೂ ಬನ್ಸ್ ತರಿಸಿದರು. ಆ ದರದಲ್ಲಿ ನಮ್ಮ ಹಳೆಯ ಪೂರೈಕೆದಾರನಿಂದ ಸರಕು ತಂದರೆ ಕೈಯಿಂದ ಹಣ ಹಾಕಬೇಕಾಗುತ್ತಿತ್ತು ಎಂಬುದು ಬನ್ಸ್ ಮುಗಿದ ಮೇಲೆ ಲೆಕ್ಕಕ್ಕೆ ಬಂತು. ಹೀಗಾಗಿ ಹೊಸಬನೊಬ್ಬನನ್ನು ಹುಡುಕಿದೆ. ಅವನು ರೇಟು ಕಡಿಮೆ ಹೇಳಿದ, ಒಂಬತ್ತು ದಿನದಲ್ಲಿ ಕಳಿಸಿದ, ಎಂಟಿಸಿಯನ್ನೂ ಲಗತ್ತಿಸಿದ.

ಚೀಲಗಳು ಬಂದ ದಿನ ಚೀಫ್ ಸ್ಟೋರಿನ ಬಾಗಿಲಲ್ಲಿ, ಬಿಸಿಲಿಗೆ ಹಿಡಿದು ಎರಡು ಬೋಲ್ಟುಗಳನ್ನು ಬಹಳ ಹೊತ್ತು ನೋಡಿದರು. ಒಂದರ ಹೊಳಪು ಸ್ವಲ್ಪ ಮಂಕು, ಇನ್ನೊಂದರದು ಸ್ವಲ್ಪ ಬಿಳಿ. "ತಮಾ, ಇದು ಒಂದೇ ರಾಡಿನಿಂದ ಬಂದ ಮಾಲಲ್ಲ. ಎಂಟಿಸಿಯಲ್ಲಿ ಹೀಟ್ ನಂಬರ್ ಒಂದೇ ಅದೆ. ನಾಲ್ಕು ಪೀಸು ಲ್ಯಾಬಿಗೆ ಕಳಿಸು," ಎಂದರು. ಒಂದೇ ಸಲ ಕರಗಿಸಿ ಎರೆದ ಲೋಹಕ್ಕೆ ಕೊಡುವ ಗುರುತೇ ಹೀಟ್ ನಂಬರ್. ಲ್ಯಾಬಿನ ವರದಿಗೆ ನಾಲ್ಕೈದು ದಿನ ಬೇಕು, ಡೆಲಿವರಿ ಮೂರು ದಿನದಲ್ಲಿತ್ತು, ತಡವಾದರೆ ವಾರಕ್ಕಿಷ್ಟು ಎಂದು ಎಲ್‌ಡಿ ಕಡಿತ. ನಾನು ಜೇಬಿನಿಂದ ಅಯಸ್ಕಾಂತ ತೆಗೆದು ಏಳೆಂಟು ಬೋಲ್ಟುಗಳ ಕಾಲಿಗೆ ತಾಗಿಸಿ ತೋರಿಸಿದೆ. ಒಂದಕ್ಕೂ ಅಂಟಲಿಲ್ಲ. 316ಕ್ಕೆ ಅಯಸ್ಕಾಂತ ಅಂಟಬಾರದು ಎಂಬುದಷ್ಟೇ ನನ್ನ ಪರೀಕ್ಷೆ. "ನೋಡಿ ಚೀಫ್, ಅಂಟ್ತಾ ಇಲ್ಲ," ಎಂದೆ. ಅವರು ಮತ್ತೆ ಮಾತನಾಡಲಿಲ್ಲ. ಸ್ಟೋರಿನ ಬುಕ್ಕಿನಲ್ಲಿ ಮಾತ್ರ ಏನೋ ಬರೆದರು. ಅವರ ಮೌನವನ್ನು ನಾನು ಒಪ್ಪಿಗೆ ಎಂದು ಎಣಿಸಿದೆ.

ಇನ್‌ಸ್ಪೆಕ್ಷನ್ನಿಗೆ ಬಂದವರು ನನಗಿಂತ ಚಿಕ್ಕ ವಯಸ್ಸಿನವರು, ಮಿತಭಾಷಿ, ಮಳೆಗೆ ನೆನೆದ ಬ್ಯಾಗಿನಿಂದ ಡ್ರಿಲ್ ಮಷೀನಿನಂತೆ ಕಾಣುವ, ಲೋಹದಲ್ಲಿ ಏನೇನು ಎಷ್ಟಿದೆ ಎಂದು ತೋರಿಸುವ ಪಿಎಂಐ ಗನ್ನೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಮೇಲಿನ ಚೀಲದಿಂದ ಒಂದು ಬೋಲ್ಟು ಎತ್ತಿ ಗನ್ ಒತ್ತಿದರು. ಕೆಲವು ಸೆಕೆಂಡು. ಪರದೆಯ ಮೇಲೆ ಮಾಲಿಬ್ಡಿನಮ್ 2.08. ಎರಡನೆಯದು 2.11. 316ಕ್ಕೆ ಬೇಕಾದದ್ದು ಎರಡರಿಂದ ಮೂರು. ನನ್ನ ಎದೆಯಿಂದ ಚೀಲದಷ್ಟೇ ಭಾರದ್ದೊಂದು ಇಳಿಯಿತು. ಇಳಿದದ್ದೇ ತಡ, ಬಾಯಿ ತೆರೆಯಿತು.

ಆ ಎರಡು ಮೂರು ನಿಮಿಷ ನಾನು ಏನೇನು ಮಾತನಾಡಿದೆ ಎಂಬುದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ರಫೇಲಿನ 2007ರಿಂದ ಶುರುಮಾಡಿದೆ. ಮಿಗ್-21 1960ರ ದಶಕದಲ್ಲಿ ಬಂದ ವಿಮಾನ, ಅದನ್ನು ಬೀಳ್ಕೊಡಲು 2025ರ ಸೆಪ್ಟೆಂಬರ್ 26ರವರೆಗೆ ಕಾಯಬೇಕಾಯಿತು, ಮಂಜೂರಾದ 42 ಸ್ಕ್ವಾಡ್ರನ್ನುಗಳ ಜಾಗದಲ್ಲಿ ಈಗ ಇರುವುದು 29 ಎಂದೆ. ಒಂದೊಂದು ಬೋಲ್ಟಿಗೂ ಗನ್ ಹಿಡಿದು ಕೂರುವ ದೇಶದಲ್ಲಿ ಇನ್ನೇನಾದೀತು ಸರ್, ಎಂಟಿಸಿ ಇದೆಯಲ್ಲ, ನಂಬಿಕೆ ಎಂಬುದೂ ಬೇಕಲ್ಲ ಎಂದೆ. ಅಷ್ಟು ಸಾಲದೆ, ನಾನೂ ನೋಡಿದ್ದೇನೆ ಎಂದು ಅಯಸ್ಕಾಂತವನ್ನು ಅವರ ಮುಂದೆಯೇ ಒಂದು ಬೋಲ್ಟಿಗೆ ತಾಗಿಸಿದೆ.

ಅವರು ಆ ಬೋಲ್ಟನ್ನೂ ಅಯಸ್ಕಾಂತವನ್ನೂ ನನ್ನ ಕೈಯಿಂದ ಮೆಲ್ಲನೆ ತೆಗೆದುಕೊಂಡರು. ಅಯಸ್ಕಾಂತವನ್ನು ನೇರವಾದ ಕಾಲಿನಿಂದ ಜಾರಿಸುತ್ತ, ರಾಡು ಬಾಗಿದ ತಿರುವಿಗೆ ತಂದರು. ಅಲ್ಲಿ ಅದು ತಡೆಯಿತು. ಗಟ್ಟಿಯಾಗಿ ಕಚ್ಚಿಕೊಂಡದ್ದಲ್ಲ, ಒಣಗದ ಬಣ್ಣಕ್ಕೆ ಬೆರಳು ತಾಗಿದಂಥ ಸಣ್ಣ ಹಿಡಿತ. "304 ಕೂಡ ನೇರ ಇದ್ದಾಗ ಅಂಟುವುದಿಲ್ಲ, ಸರ್. ತಣ್ಣಗೇ ಬಗ್ಗಿಸಿದ ಕಡೆ ಸ್ವಲ್ಪ ಹಿಡಿಯುತ್ತದೆ. 316 ಅಷ್ಟು ಸುಲಭಕ್ಕೆ ಹಿಡಿಯುವುದಿಲ್ಲ. ಆದರೆ ಇದು ಸಂಶಯಕ್ಕೆ ಮಾತ್ರ ಸಾಕು," ಎಂದು ಹೇಳಿ ಗನ್ ಒತ್ತಿದರು. ಕ್ರೋಮಿಯಂ 18.2, ನಿಕ್ಕಲ್ 8.0, ಮಾಲಿಬ್ಡಿನಮ್ 0.21. ಅಂದರೆ ಇದು 316 ಅಲ್ಲ, ಮಾಲಿಬ್ಡಿನಮ್ ಬೆರೆಸದ ಸ್ಟೇನ್‌ಲೆಸ್ ಸ್ಟೀಲಾದ 304.

ಶೆಡ್ಡಿನ ತಗಡಿನ ಮೇಲೆ ಮಳೆ ಬೀಳುತ್ತಿತ್ತು. ಗ್ರೈಂಡರ್ ಹಿಡಿದಿದ್ದ ಹುಡುಗ ಅದನ್ನು ನಿಲ್ಲಿಸಿ ಈ ಕಡೆ ನೋಡಿದ. ಇನ್‌ಸ್ಪೆಕ್ಟರ್ ಏನೂ ಹೇಳದೆ ಮೂರು ಚೀಲಗಳನ್ನೂ ನೆಲಕ್ಕೆ ಸುರಿಯಲು ಹೇಳಿದರು. 640ನ್ನೂ ಒಂದೊಂದಾಗಿ ನೋಡುವುದೆಂದಾಯಿತು. ನಾನು ಎತ್ತಿಕೊಡುವುದು, ಅವರು ಗನ್ ಒತ್ತುವುದು, ಚೀಫ್ ಬಲಕ್ಕೆ ಅಥವಾ ಎಡಕ್ಕೆ ಇಡುವುದು. ಗಂಟೆಗಟ್ಟಲೆ ನಡೆದ ಆ ಕೆಲಸದಲ್ಲಿ ಚೀಫ್ ಒಮ್ಮೆಯೂ ನನ್ನ ಮುಖ ನೋಡಲಿಲ್ಲ. ಅದು ಅವರ ಮರ್ಯಾದೆಯೋ ಶಿಕ್ಷೆಯೋ ಎಂಬುದು ನನಗೆ ಇಂದಿಗೂ ಬಗೆಹರಿದಿಲ್ಲ. ಎಡದ ರಾಶಿ ಏರುತ್ತಲೇ ಹೋಯಿತು. ನಮ್ಮೂರಿನ ಅಡಿಕೆ ಟೆಂಡರಿನ ಅಂಗಳದಲ್ಲಿ ವ್ಯಾಪಾರಿ ರಾಶಿಯ ಬುಡಕ್ಕೆ ಕೈಹಾಕಿ ಒಂದು ಚಾಲಿ ಹೆಕ್ಕಿ, ಕತ್ತರಿಯಲ್ಲಿ ಎರಡು ಹೋಳು ಮಾಡಿ, ಒಳಗಿನ ಕಪ್ಪು ನೋಡಿ ಮಾತಿಲ್ಲದೆ ಮುಂದಿನ ರಾಶಿಗೆ ಹೋದಾಗ ಅಪ್ಪನ ಮುಖ ಹೇಗಾಗುತ್ತಿತ್ತು ಎಂಬುದು ಆಗ ನೆನಪಾಯಿತು. ಅಪ್ಪ ಕೊನೇಪಕ್ಷ ರಾಶಿಯ ಮುಂದೆ ನಿಂತು ಭಾಷಣ ಮಾಡುತ್ತಿರಲಿಲ್ಲ.

ಕೊನೆಗೆ ಎಣಿಸಿದರೆ 212 ಬೋಲ್ಟುಗಳು 304. ಸಮುದ್ರದ ನೀರಿನ ಕ್ಲೋರೈಡು ಅದನ್ನು ಚುಕ್ಕಿ ಚುಕ್ಕಿಯಾಗಿ ಕೊರೆಯುತ್ತದೆ. ಹೊರಗಿಂದ ಹೊಳೆಯುತ್ತಿರುವಾಗಲೇ ನಟ್ಟಿನ ಅಡಿಯಲ್ಲಿ ಗುಳಿ ಬಿದ್ದಿರುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ, ಟೆಂಡರಿನ ಸ್ಪೆಸಿಫಿಕೇಷನ್ ಟೈಪ್ ಮಾಡಿದವನೇ ನಾನು. ಹೊಸ ಪೂರೈಕೆದಾರನಿಗೆ ಫೋನು ಮಾಡಿದರೆ, ಎಂಟಿಸಿ ರಾಡು ಮಾರಿದವನು ಕೊಟ್ಟದ್ದು, ತಾನು ಬಗ್ಗಿಸಿಕೊಟ್ಟದ್ದಷ್ಟೇ ಎಂದ. ಅವನು ಸುಳ್ಳು ಹೇಳಿದ್ದನೆಂದು ಪ್ರಮಾಣ ಮಾಡಲಾರೆ. ಅವನನ್ನು ಆ ರೇಟಿಗೆ ತಂದು ನಿಲ್ಲಿಸಿದ್ದು ನನ್ನ ಶೇಕಡಾ 11.

ಇನ್‌ಸ್ಪೆಕ್ಟರ್ ಹೊರಡುವ ಮುನ್ನ ಚಹಾ ಕುಡಿಯುತ್ತ, ನನ್ನ ಭಾಷಣಕ್ಕೆ ಉತ್ತರವೆಂಬಂತೆ ಅಲ್ಲ, ಹಾಗೇ ನೆನಪಾದಂತೆ ಧನುಷ್ ಫಿರಂಗಿಯ ಬೇರಿಂಗುಗಳ ಮಾತು ತೆಗೆದರು. ಬೋಫೋರ್ಸಿನ ವಿನ್ಯಾಸದ ಮೇಲೆ ನಮ್ಮಲ್ಲೇ ಬೆಳೆಸಿದ ಆ ಫಿರಂಗಿಗೆ ಚೀನಾದ ಬೇರಿಂಗುಗಳನ್ನು ಜರ್ಮನಿಯವೆಂದು ಪೂರೈಸಿದ ಆರೋಪದ ಮೇಲೆ 2017ರಲ್ಲಿ ಸಿಬಿಐ ಪ್ರಕರಣ ದಾಖಲಿಸಿತ್ತು. "ಅಲ್ಲಿಯೂ ಕಾಗದ ಇತ್ತು, ಸರ್," ಎಂದಷ್ಟೇ ಹೇಳಿ ರಿಜೆಕ್ಷನ್ ನೋಟಿಗೆ ನನ್ನ ಸಹಿ ಹಾಕಿಸಿಕೊಂಡರು. ಮೂವತ್ತು ವರ್ಷ ಕಾದು ಬಂದ ಫಿರಂಗಿಯ ಬಗ್ಗೆ ನಾನು ಹೇಳುತ್ತಿದ್ದ ಕತೆಯಲ್ಲಿ ಬೇರಿಂಗಿಗೆ ಜಾಗವೇ ಇರಲಿಲ್ಲ.

ಹಾಗೆಂದು ನನ್ನ ವಾದವನ್ನು ಪೂರ್ತಿ ಬಿಟ್ಟುಕೊಟ್ಟಿಲ್ಲ. ಆ ಗುತ್ತಿಗೆದಾರರು ನಮ್ಮ ಹೆಸರನ್ನು ಆರು ತಿಂಗಳು ಹೋಲ್ಡಿನಲ್ಲಿಟ್ಟರು, ಉಳಿದ 428 ಒಳ್ಳೆಯ ಬೋಲ್ಟುಗಳ ಹಣವನ್ನೂ ಅದೇ ಕಡತಕ್ಕೆ ಕಟ್ಟಿ ಕೂರಿಸಿದರು. ಟಾರ್ಪಿಡೊ ವಿಷಯದಲ್ಲಿ ನಡೆದದ್ದೂ ಇಷ್ಟೇ ಅಲ್ಲವೇ ಎಂದು ಚೀಫ್‌ಗೆ ಕೇಳಿದೆ. ತಪ್ಪಿದವನನ್ನು ಹಿಡಿಯುವುದು ಬೇರೆ, ಒಂದು ಕಡೆ ಕೊಳೆತದ್ದಕ್ಕೆ ಇಡೀ ಮರ ಕಡಿಯುವುದು ಬೇರೆ. ಅವರು ಇದನ್ನು ಒಪ್ಪಿದರು. ಒಪ್ಪಿ, ನನ್ನ ಮುಂದೆ ಸ್ಟೋರ್ ಬುಕ್ಕು ತೆರೆದಿಟ್ಟರು. ಚೀಲ ಬಂದ ದಿನದ ಸಾಲಿನಲ್ಲಿ ಅವರ ದುಂಡು ಅಕ್ಷರ: "ಹೊಳಪು ಎರಡು ಬಗೆ. ಲ್ಯಾಬಿಗೆ ಹೇಳಿದೆ. ಬೇಡ ಎಂದರು."

ಪಿಎಂಐ ಗನ್ ಕೊಳ್ಳೋಣವೆಂದು ಕೊಟೇಶನ್ ತಂದಿಟ್ಟರೆ, ಲಕ್ಷಗಳ ಲೆಕ್ಕ ನೋಡಿದ ಮಾಲೀಕರು ನಗಲೂ ಇಲ್ಲ. ಈಗ ಹನಿ ಹಾಕಿ ಮಾಲಿಬ್ಡಿನಮ್ ಇದೆಯೋ ಇಲ್ಲವೋ ನೋಡುವ ಒಂದು ಕಿಟ್ಟು ಸ್ಟೋರಿನಲ್ಲಿದೆ, ಅದರ ಬೀಗದ ಕೈ ಚೀಫ್ ಬಳಿ. ಎಡದ ರಾಶಿಯ ಒಂದು ಬೋಲ್ಟನ್ನು ಅವರು ಶೆಡ್ಡಿನ ಹಿಂದೆ, ಕಡಲ ಗಾಳಿ ನೇರ ಬಡಿಯುವ ಗೋಡೆಯ ಮೊಳೆಗೆ ನೇತುಹಾಕಿದ್ದಾರೆ, ಪಕ್ಕದಲ್ಲಿ ಬಲದ ರಾಶಿಯದೊಂದು. ಮೊದಲನೆಯದರ ತಿರುವಿನಲ್ಲಿ ಈಗ ಚಹಾದ ಕಲೆಯಂಥ ಕಂದು ಬಣ್ಣ ಕೂತಿದೆ.

ಕಳೆದ ತಿಂಗಳು ಬೇರೊಂದು ಕಡೆಯ ಬಿಡ್ಡಿನಲ್ಲಿ ಪ್ರತಿ ಲಾಟಿಗೆ ಲ್ಯಾಬ್ ಪರೀಕ್ಷೆಯ ಖರ್ಚನ್ನು ನಾನು ದರದೊಳಗೆ ಸೇರಿಸಿದೆ. ಆಕ್ಷನ್ ಮುಗಿಯಲು ನಾಲ್ಕು ನಿಮಿಷವಿದ್ದಾಗ ಮಾಲೀಕರು ಹಿಂದೆ ಬಂದು ನಿಂತು, "ಇನ್ನೊಂದೆರಡು ಪರ್ಸೆಂಟ್ ಇಳಿಸ್ಲಿಕ್ಕೆ ಆಗೂದಿಲ್ವ?" ಎಂದರು. ಆಗುವುದಿಲ್ಲ ಎಂದೆ. ಎಲ್2 ಆದೆವು. ಆ ಸಂಜೆ ಬನ್ಸ್ ಇರಲಿಲ್ಲ. ತೇಜಸ್ ಮಾರ್ಕ್-1ಎಗೆ ಅಮೆರಿಕದಿಂದ ತಡವಾಗಿ ಬರುತ್ತಿರುವ ಎಂಜಿನ್ನುಗಳ ಬಗ್ಗೆ ಚೀಫ್ ಮತ್ತು ನಾನು ಆರು ಗಂಟೆಯವರೆಗೆ ಜಗಳಾಡಿದೆವು.