ಡಿಶ್‌ನ ಆಳ ಅಳೆದ ಮೇಲೆ ಸಿಕ್ಕಿದ ಮಿನಿವೆಟ್ ದನಿ

ಚಿಂಚೋಳಿಯ ಕಾಡಿನಲ್ಲಿ ಮೂರು ಭಾನುವಾರ ಮಾಡಿದ ಧ್ವನಿಮುದ್ರಣಗಳಲ್ಲಿ ಬೆಳವಕ್ಕಿಯ ಗುಟುರು ತುಂಬಿ ಕೇಳುತ್ತಿದ್ದರೂ ಮಿನಿವೆಟ್ ಎಂಬ ಪುಟ್ಟ ಹಕ್ಕಿಗಳ ಕೂಗು ಮಾತ್ರ ಮಂಕಾಗಿಯೇ ಉಳಿದಿತ್ತು. ಕಾರಣ ಕೊನೆಗೆ ತಿಳಿದದ್ದು ಮೊನ್ನೆ ಸಂಜೆ, ಕಲಬುರಗಿಯ ನಮ್ಮ ಮಾಳಿಗೆಯ ಮೇಲೆ. ಮೈಕ್, ರೆಕಾರ್ಡರ್, ಗಾಳಿತಡೆಗಳ ಜೋಡಣೆಯನ್ನು ಇಲ್ಲಿ ವಿವರಿಸುವುದಿಲ್ಲ; ತೊಡಕು ಇದ್ದದ್ದು ದೂರದ ದನಿಯನ್ನು ಮೈಕ್‌ಗೆ ಕೂಡಿಸಿಕೊಡುವ ಬಟ್ಟಲಿನಂಥ ಡಿಶ್‌ನಲ್ಲಿ.

ಕುಕ್ಕೂಶ್ರೈಕ್ ಮತ್ತು ಮಿನಿವೆಟ್‌ಗಳ ಕುಟುಂಬಕ್ಕೆ ಕ್ಯಾಂಪೆಫಾಗಿಡೇ ಎಂದು ಹೆಸರು. ಕಂಬಳಿಹುಳು ತಿನ್ನುವವು ಎಂಬುದು ಅದರ ಅರ್ಥ. ಮುಂಗಾರಿಗೆ ತೇಗ ಚಿಗುರಿ ಎಲೆಗೆ ಹುಳು ಬೀಳುವ ಕಾಲವೇ ಕರಿತಲೆ ಕುಕ್ಕೂಶ್ರೈಕ್ ಗೂಡು ಕಟ್ಟುವ ಕಾಲವೂ ಆದ್ದರಿಂದ, ದಟ್ಟ ಎಲೆಯ ನಡುವೆ ಕಣ್ಣಿಗಿಂತ ಕಿವಿಯನ್ನೇ ನಂಬಬೇಕಾಗುತ್ತದೆ. ಮಿನಿವೆಟ್ ಗುಂಪು ಮರದಿಂದ ಮರಕ್ಕೆ ಸಾಗುವಾಗ ‘ಸ್ವೀ ಸ್ವೀ’ ಎಂದು ಎಳೆದನಿಯಲ್ಲಿ ಕೂಗುತ್ತಲೇ ಇರುತ್ತದೆ. ನನಗೆ ಬೇಕಾಗಿದ್ದುದು ಆ ಎಳೆದನಿ.

ಡಿಶ್‌ನ ವ್ಯಾಸ 50 ಸೆಂ.ಮೀ., ಆಳ 12.5 ಸೆಂ.ಮೀ. ಎಂದು ಮಾರಿದವರು ಬರೆದಿದ್ದರು. ವ್ಯಾಸದ ವರ್ಗವನ್ನು ಆಳದ 16 ಪಟ್ಟಿನಿಂದ ಭಾಗಿಸಿ, ಸಂಗಮ ದೂರ (ಡಿಶ್‌ನ ತಳದಿಂದ ದನಿಯೆಲ್ಲ ಒಂದೆಡೆ ಸೇರುವ ಬಿಂದುವಿಗಿರುವ ದೂರ) 12.5 ಸೆಂ.ಮೀ. ಎಂದು ಮೈಕ್‌ನ ಹಿಡಿಕೆಗೆ ರಂಧ್ರ ಕೊರೆದೆ. ಮೊದಲು ಗಾಳಿಯನ್ನು ದೂರಿದೆ, ಆಮೇಲೆ ಕೇಬಲ್ಲನ್ನು, ಆಮೇಲೆ ಮೈಕನ್ನೇ ಬದಲಿಸಿದೆ. ಮೊನ್ನೆ 20 ಮೀಟರ್ ದೂರದಲ್ಲಿ ಮೊಬೈಲ್‌ನಿಂದ ತಾರಸ್ವರವೊಂದನ್ನು ನುಡಿಸುತ್ತ ಮೈಕನ್ನು ಅರ್ಧರ್ಧ ಸೆಂ.ಮೀ. ಸರಿಸಿದಾಗ ದನಿಯ ಮಟ್ಟ ತೋರುವ ಮುಳ್ಳು ಮೇಲೇರಿದ್ದು 15.5 ಸೆಂ.ಮೀ.ನಲ್ಲಿ. ಅಂಚಿಗೆ ಪಟ್ಟಿಯಿಟ್ಟು ಅಳೆದರೆ ಆಳ ಬರೀ 10 ಸೆಂ.ಮೀ.! 7000 ಹರ್ಟ್ಸ್ ದನಿಯ ಅಲೆ ಸುಮಾರು 5 ಸೆಂ.ಮೀ. ಉದ್ದವಿರುವುದರಿಂದ 3 ಸೆಂ.ಮೀ. ತಪ್ಪು ಅದನ್ನು ಕೆಡಿಸಿಬಿಡುತ್ತದೆ. ಅರ್ಧ ಮೀಟರ್ ಉದ್ದದ ಅಲೆಯುಳ್ಳ ತಗ್ಗು ದನಿಗೆ ಅದು ತಾಗುವುದೇ ಇಲ್ಲ. ಬೆಳವಕ್ಕಿ ಕೇಳಿ ಮಿನಿವೆಟ್ ಕೇಳದಿದ್ದುದು ಅದಕ್ಕೇ. ಮಾರಿದವರನ್ನು ವಿಚಾರಿಸಿದ್ದಕ್ಕೆ ‘ರಂಧ್ರ ಕೊರೆದ ಮಾಲು ವಾಪಸ್ ಇಲ್ಲ’ ಎಂಬ ಉತ್ತರ ಬಂತು. ಮುಂಗಾರಿನ ಮೂರು ವಾರಗಳನ್ನಂತೂ ಯಾರೂ ವಾಪಸ್ ಕೊಡಲಾರರು.

ಇಂದು ಬೆಳಿಗ್ಗೆ ಚಂದ್ರಂಪಳ್ಳಿ ಜಲಾಶಯದ ಬಳಿ ಚಿಕ್ಕ ಮಿನಿವೆಟ್‌ಗಳ ಒಂದೊಂದು ಕೂಗೂ ಬಿಡಿಬಿಡಿಯಾಗಿ ದಾಖಲಾಯಿತು. ಅದರ ಹಿಂದೆಯೇ ಕರಿತಲೆ ಕುಕ್ಕೂಶ್ರೈಕ್‌ನ ಸಿಳ್ಳೆ, ಕೊನೆಯಲ್ಲಿ ಬಿರುಸಾದ ‘ಪಿಟ್ ಪಿಟ್ ಪಿಟ್’. ಮುದ್ರಿಸಿದ ದನಿ ನುಡಿಸಿ ಯಾವ ಹಕ್ಕಿಯನ್ನೂ ಕರೆಯಲಿಲ್ಲ. ಮರಿಗೆ ಹುಳು ತರಬೇಕಾದ ಹೊತ್ತನ್ನು ಹಕ್ಕಿ ಆ ದನಿ ನಂಬಿ, ಇಲ್ಲದ ಎದುರಾಳಿಯನ್ನು ಹುಡುಕುತ್ತ ಕಳೆಯಬಾರದು.

ಮುಂದಿನದು ಗೂಡಿನ ದನಿ. ಮಿನಿವೆಟ್ ಜೇಡರ ಬಲೆಯಿಂದ ಬಿಗಿದು, ಹೊರಗೆ ತೊಗಟೆಯ ಚೂರು ಅಂಟಿಸಿ ಕಟ್ಟುವ ಬಟ್ಟಲು ಕೊಂಬೆಯ ಗಂಟಿನಂತೆಯೇ ಕಾಣುತ್ತದೆ. ಅದರ ಹತ್ತಿರ ಸುಳಿಯದೆ ಕೇಳಬೇಕೆಂದರೆ 30 ಮೀಟರ್ ಕೇಬಲ್ ಬೇಕು, ಮಳೆ ತಾಗದ ಡಬ್ಬಿಯೂ ಬೇಕು. ಡಬ್ಬಿಗೆ ರಬ್ಬರ್ ವಾಷರ್ ಕೂರಿಸುವ ಕೆಲಸವನ್ನು ಇಂದು ರಾತ್ರಿಯೇ ಆರಂಭಿಸುತ್ತೇನೆ.