ಹೆಸರನ್ನೇ ಅರ್ಧ ನುಂಗುವ ಊರಿನಲ್ಲಿ

ಸ್ಪೇನಿನ ಸೆವಿಲ್ಯದಿಂದ ಹೊರಟ ರೈಲು ಸಾನ್ ಫೆರ್ನಾಂದೊ ಸಮೀಪಿಸುತ್ತಿದ್ದಂತೆ ಕಿಟಕಿಯಾಚೆ ಜೌಗು ನೆಲ ಹರಡಿಕೊಂಡಿತು. ಅದರ ನಡುವೆ ಬದು ಕಟ್ಟಿದ ನೀರು, ಬಿಸಿಲಿಗೆ ಮಿನುಗುವ ಬಿಳಿ ಅಂಚು. ಸಾಣಿಕಟ್ಟೆಯ ಉಪ್ಪಿನಾಗರ ನೋಡಿದವರಿಗೆ ಇದೇನೆಂದು ಹೇಳಿಕೊಡಬೇಕಾಗಿಲ್ಲ. ಪಕ್ಕದಲ್ಲಿದ್ದ ಅಜ್ಜಿ ಮೊಮ್ಮಗನ ಭುಜ ತಟ್ಟಿ ‘ಕಾಯ್, ಕಾಯ್’ ಎಂದು ಎಬ್ಬಿಸಿದರು. ಆ ಹೆಸರಿನ ನಿಲ್ದಾಣ ನನ್ನ ಟಿಕೆಟ್ಟಿನಲ್ಲಿ ಇರಲಿಲ್ಲ. ರೈಲು ನಿಂತ ಮೇಲೆಯೇ ತಿಳಿದದ್ದು, ಪುಸ್ತಕದ ‘ಕಾದಿಥ್’ ಊರಿನವರ ಬಾಯಲ್ಲಿ ‘ಕಾಯ್’ ಆಗಿದೆ ಎಂದು.

ನಾಲ್ಕು ವಾರ ಸ್ಪ್ಯಾನಿಷ್ ಕಲಿಯಲೆಂದು ಬಂದಿದ್ದೆ. ಶುದ್ಧ ಭಾಷೆ ಬೇಕಿದ್ದರೆ ಸಾಲಮಾಂಕಾಕ್ಕೆ ಹೋಗು, ಆಂದಲೂಸಿಯಾದವರ ಮಾತು ಅವರಿಗೇ ಅರ್ಥವಾಗುವುದಿಲ್ಲ ಎಂದು ಬೆಂಗಳೂರಿನಲ್ಲಿ ಒಬ್ಬರು ಬುದ್ಧಿ ಹೇಳಿದ್ದರು. ನಾನು ಕುಂದಾಪುರದವಳು. ಬೆಂಗಳೂರಿನ ಹಾಸ್ಟೆಲಿನಲ್ಲಿ ‘ಬತ್ತೆ’ ಎಂದು ನಕ್ಕವರ ನಡುವೆ ‘ಬರುತ್ತೇನೆ’ ಎಂದು ತಿದ್ದಿಕೊಂಡವಳು. ‘ಶುದ್ಧ’ ಎಂಬ ಮಾತು ಕೇಳಿದೊಡನೆಯೇ ಆಂದಲೂಸಿಯಾದ ಕಾದಿಥ್ ಎಂದು ನಿಶ್ಚಯಿಸಿದೆ. ಮೂರು ಕಡೆ ಸಮುದ್ರ, ನೆಲದೊಡನೆ ನಂಟು ಉಳಿಸಿಕೊಂಡಿರುವುದು ಕಿರಿದಾದ ಒಂದು ಪಟ್ಟಿಯಿಂದ. ನಮ್ಮೂರನ್ನೂ ಹೆಚ್ಚುಕಡಿಮೆ ನೀರೇ ಸುತ್ತುವರಿದಿದೆ.

ಉಳಿದುಕೊಂಡದ್ದು ಲಾ ವಿನ್ಯ ಎಂಬ ಹಳೆಯ ಬೆಸ್ತರ ಕೇರಿಯಲ್ಲಿ, ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿ. ಮನೆಯೊಡತಿಗೆ ಎಪ್ಪತ್ತು ದಾಟಿತ್ತು. ಮೊದಲ ದಿನ ‘ಉಸ್ತೆದ್’ ಎಂದೆ, ಅಂದರೆ ‘ನೀವು’. ಅವರು ಕೈಯಾಡಿಸಿ, ‘ತೂ’ ಎನ್ನು ಮಗಳೇ, ನಾನೇನು ನ್ಯಾಯಾಧೀಶೆಯೇ ಎಂದರು. ಹಿರಿಯರನ್ನು ‘ನೀನು’ ಎನ್ನಲು ನಾಲಿಗೆ ಏಳಲಿಲ್ಲ. ಮೂರನೆಯ ದಿನ ನೆನಪಾಯಿತು, ಊರಿನಲ್ಲಿ ಅಮ್ಮನನ್ನು ನಾನು ‘ನೀನು’ ಎಂದೇ ಅಲ್ಲವೇ ಕರೆಯುವುದು! ಅಲ್ಲಿಂದ ಮುಂದೆ ಕಷ್ಟವಾಗಲಿಲ್ಲ.

ಬೆಳಗ್ಗೆ ಒಂಬತ್ತೂವರೆಯಿಂದ ಒಂದೂವರೆವರೆಗೆ ತರಗತಿ. ಅಲ್ಲಿ ನನಗೆ ಸಿಕ್ಕಿದ ದೊಡ್ಡ ಸಂತೋಷ ವ್ಯಾಕರಣದ್ದು. ‘ಮೆ ಗುಸ್ತಾ ಎಲ್ ಮಾರ್’ ಎಂದು ಶಿಕ್ಷಕಿ ಹಲಗೆಯ ಮೇಲೆ ಬರೆದರು. ಇಂಗ್ಲಿಷ್ ಮನೆಮಾತಿನ ಸಹಪಾಠಿಗಳು ಅರ್ಧ ಗಂಟೆ ಒದ್ದಾಡಿದರು. ಸಮುದ್ರ ಕರ್ತೃವಾಗಿ, ‘ನಾನು’ ಚತುರ್ಥಿಗೆ ಸರಿಯುವುದು ಅವರಿಗೆ ಒಗ್ಗಲಿಲ್ಲ. ನನಗೋ, ಅದು ‘ನನಗೆ ಸಮುದ್ರ ಇಷ್ಟ’. ‘ಮೆ ದುಏಲೆ ಲಾ ಕಾಬೆಸಾ’ ಎಂದರೆ ‘ನನಗೆ ತಲೆ ನೋಯುತ್ತಿದೆ’. ‘ಆಬ್ಲೊ’ ಎಂಬ ಒಂದೇ ಪದದಲ್ಲಿ ‘ನಾನು’ ಅಡಗಿರುವುದು, ‘ಮಾತನಾಡುತ್ತೇನೆ’ ಎಂಬುದರಲ್ಲಿ ಅಡಗಿರುವ ಹಾಗೆಯೇ. ಎರಡನೆಯ ದಿನದಿಂದ ಟಿಪ್ಪಣಿಯನ್ನೆಲ್ಲ ಕನ್ನಡ ಲಿಪಿಯಲ್ಲಿ ಬರೆದುಕೊಂಡೆ. ಅವರ ತ, ದ ನಮ್ಮ ತ, ದಗಳೇ. ಐದು ಸ್ವರಗಳೂ ನಮ್ಮಲ್ಲಿವೆ. ‘ಪೆರೊ’ ಎಂದರೆ ಆದರೆ, ನಾಲಿಗೆ ಅದುರಿಸಿ ‘ಪೆರ್‍ರೊ’ ಎಂದರೆ ನಾಯಿ. ಇದಕ್ಕೆ ಮಾತ್ರ ಹಳಗನ್ನಡದ ಱಕಾರವನ್ನು ಮರಳಿ ಕರೆತಂದು ‘ಪೆಱೊ’ ಎಂದು ಗುರುತು ಹಾಕಿಕೊಂಡೆ. ಉಚ್ಚಾರ ಒಂದೇ ಎಂದಲ್ಲ, ಎರಡು ರಕಾರಗಳನ್ನು ಬೇರೆಯಾಗಿಡಲು ಅಷ್ಟು ಸಾಕಿತ್ತು.

ಪದಗಳೂ ಅಷ್ಟೇ. ಮೇಸಾ, ಪಗಾರ್, ಅರ್ಮಾರಿಯೊ, ಪಾದ್ರೆ. ಪೋರ್ಚುಗೀಸರು ನಮ್ಮ ಕರಾವಳಿಗೆ ಬಿಟ್ಟುಹೋದ ಮೇಜು, ಪಗಾರ, ಅಲಮಾರು, ಪಾದ್ರಿಗಳ ಅಕ್ಕತಂಗಿಯರು ಇಲ್ಲಿ ಮನೆಮನೆಯಲ್ಲಿದ್ದಾರೆ.

ಆದರೆ ತರಗತಿಯ ಬಾಗಿಲು ದಾಟಿದರೆ ಬೇರೆಯೇ ಲೋಕ. ಮಧ್ಯಾಹ್ನ ನೇರವಾಗಿ ಮೀನುಮಾರುಕಟ್ಟೆಗೆ ಹೋಗುತ್ತಿದ್ದೆ. 1838ರಲ್ಲಿ ಕಟ್ಟಿದ ಮಾರುಕಟ್ಟೆ ಅದು, ಸುತ್ತ ಕಲ್ಲಿನ ಕಂಬಗಳ ಸಾಲು. ಮೀನು ಮಾರುವಾತ ‘ತ್ರೇ’ ಎಂದರೆ ಮೂರು, ‘ದೊ’ ಎಂದರೆ ಎರಡು. ಪುಸ್ತಕದ ‘ತ್ರೆಸ್’, ‘ದೊಸ್’ಗಳ ಬಾಲದ ಸಕಾರ ಕಡಲಿಗೆ ಬಿದ್ದಿತ್ತು. ‘ಪೆಸ್ಕಾದೊ’ ಎಂಬ ಮೀನು ‘ಪೆಹ್ಕಾಒ’ ಆಗಿತ್ತು. ಮೊದಲ ವಾರ ಬೆರಳು ತೋರಿಸಿ ಕೊಂಡೆ. ಗೆಳೆಯರು ಬೀದಿಯ ಆಚೆಯಿಂದ ‘ಕಿಯೊ!’ ಎಂದು ಕೂಗಿಕೊಳ್ಳುತ್ತಿದ್ದರು. ‘ಚಿಕಿಯೊ’, ಅಂದರೆ ‘ಹುಡುಗ’ ಎಂಬುದರ ತುಂಡು ಅದು. ಕೇಳಿದ ಕೂಡಲೇ ನಮ್ಮ ‘ಹ್ವಾಯ್’ ಕಿವಿಯಲ್ಲಿ ಮೊಳಗಿತು.

ಊರಿನ ಚರಿತ್ರೆಯನ್ನು ನಡೆದೇ ಓದಬೇಕು. ಫಿನೀಷಿಯನ್ನರು ಕಟ್ಟಿದ ಗಾದಿರ್ ಇದು. ಬೊಂಬೆಯಾಟದ ರಂಗಮಂದಿರವೊಂದರ ಅಡಿಯಲ್ಲೇ ಅವರ ಬೀದಿ, ಮನೆಗಳ ಅವಶೇಷ ಇವೆ. 1717ರಲ್ಲಿ ಅಮೆರಿಕದ ವ್ಯಾಪಾರವನ್ನು ನಿಯಂತ್ರಿಸುವ ಸರಕಾರಿ ಸಂಸ್ಥೆ ಸೆವಿಲ್ಯದಿಂದ ಇಲ್ಲಿಗೆ ಬಂದ ಮೇಲೆ ವರ್ತಕರು ತಾರಸಿಗಳ ಮೇಲೆ ಗೋಪುರ ಎಬ್ಬಿಸಿ ಹಡಗಿನ ದಾರಿ ಕಾದರು. ಅಂಥವು ಇಂದಿಗೂ ನೂರಕ್ಕೂ ಹೆಚ್ಚಿವೆ. ಫ್ರೆಂಚರ ಮುತ್ತಿಗೆಯ ನಡುವೆಯೇ 1812ರ ಮಾರ್ಚ್ 19ರಂದು ಸ್ಪೇನಿನ ಸಂವಿಧಾನ ಇಲ್ಲಿ ಘೋಷಣೆಯಾಯಿತು. ಅಂದು ಸಂತ ಜೋಸೆಫರ ಹಬ್ಬ. ಹೊಸೆ ಎಂಬ ಹೆಸರಿನವರನ್ನು ಪೆಪೆ ಎಂದು ಕರೆಯುವುದರಿಂದ ಸಂವಿಧಾನಕ್ಕೂ ‘ಲಾ ಪೆಪಾ’ ಎಂಬ ಅಡ್ಡಹೆಸರು ಬಂತು. ರಾಷ್ಟ್ರದ ಕಾನೂನಿಗೆ ಮನೆಮಗಳ ಹೆಸರಿಟ್ಟು ಕರೆದ ಜನರನ್ನು ಮೆಚ್ಚದೆ ಇರುವುದು ಹೇಗೆ?

ನನ್ನ ಮನಸ್ಸಿನಲ್ಲಿ ಉಳಿದದ್ದು ಮಾತ್ರ ಗೋಡೆಗಳು. ‘ಪಿಯೆದ್ರಾ ಒಸ್ತಿಯೊನೇರಾ’ ಎಂಬ ಕಲ್ಲು ಅದು. ಹತ್ತಿರ ಹೋಗಿ ನೋಡಿದರೆ ಕಲ್ಲಿನ ತುಂಬ ಚಿಪ್ಪುಗಳು; ಕೆಲವು ಒಡೆದಿವೆ, ಕೆಲವಕ್ಕೆ ಇನ್ನೂ ಗೆರೆಗಳಿವೆ. ಬೆರಳಿಟ್ಟರೆ ಮರಳು ಉದುರುತ್ತದೆ. ಸಮುದ್ರದ ತಳವನ್ನೇ ಎತ್ತಿ ಊರು ಕಟ್ಟಿದ್ದಾರೆ. ನಮ್ಮ ಕೇರಿಯಲ್ಲೇ 1755ರ ನವೆಂಬರ್ 1ರಂದು, ಲಿಸ್ಬನ್ ಭೂಕಂಪದ ಹಿಂದೆಯೇ, ಕಡಲು ನುಗ್ಗಿತ್ತು. ನೀರು ಎಲ್ಲಿ ನಿಂತಿತೆಂಬುದನ್ನು ಕೇರಿಯವರು ಇಂದಿಗೂ ಬೆರಳು ಮಾಡಿ ತೋರಿಸುತ್ತಾರೆ. ಮನೆಯೊಡತಿ ಅಲ್ಲಿ ದಾಟುವಾಗ ಪ್ರತಿಸಲವೂ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದರು. ಕಡಲನ್ನು ನಂಬಿ ಬದುಕುವವರ ಆ ಭಯಭಕ್ತಿ ನನಗೆ ಹೊಸದಲ್ಲ.

ಎರಡನೆಯ ವಾರ ‘ಲೆವಾಂತೆ’ ಬೀಸಿತು. ಮೂಡಣ ಗಾಳಿ, ಬಿಸಿ, ಬಿಡದೆ ನಾಲ್ಕು ದಿನ. ತಾರಸಿಯಲ್ಲಿ ಒಣಹಾಕಿದ ಬಟ್ಟೆ ಹಾರಿಹೋಗದಂತೆ ನಾನೂ ಮನೆಯೊಡತಿಯೂ ಹಿಡಿದು ನಿಂತೆವು. ಹೊರಗೆ ಹೋಗಲಾಗದ ಆ ಸಂಜೆ ಅವರು ಅಡುಗೆಮನೆಗೆ ಕರೆದರು. ಗೋಧಿಹಿಟ್ಟು, ಕಡಲೆಹಿಟ್ಟು, ಹೆಚ್ಚಿದ ಈರುಳ್ಳಿ, ಪಾರ್ಸ್ಲಿ, ಉಗುರಿನಷ್ಟೂ ಉದ್ದವಿಲ್ಲದ ಸಿಗಡಿ, ತಣ್ಣೀರು. ತೆಳ್ಳಗೆ ಕಲಸಿ ಒಂದೊಂದು ಚಮಚ ಕಾದ ಎಣ್ಣೆಗೆ ಹರಡಿದರೆ ಅಂಚು ಜಾಳಿಗೆಯಾಗಿ ಗರಿಗರಿಯಾಗುತ್ತದೆ. ಸಿಗಡಿಗೆ ನಮ್ಮಲ್ಲಿ ‘ಚಟ್ಲಿ’ ಎನ್ನುತ್ತೇವೆ ಎಂದೆ. ಅವರು ಎರಡು ಸಲ ‘ಚಟ್ಲಿ’ ಎಂದು ಹೇಳಿ ನೋಡಿದರು. ಟಕಾರ ಬಾರದೆ ‘ಚತ್ಲಿ’ ಆಯಿತು.

ಮಾರನೆಯ ದಿನ ವಿನೆಗರ್, ಜೀರಿಗೆ, ಬೆಳ್ಳುಳ್ಳಿಯಲ್ಲಿ ನೆನೆಸಿ ಕರಿದ ಸಣ್ಣ ಶಾರ್ಕ್ ಮೀನು. ಅದರ ಹೆಸರು ‘ಬಿಯೆನ್‌ಮೆಸಾಬೆ’: ನನಗೆ ಚೆನ್ನಾಗಿ ರುಚಿಸುತ್ತದೆ. ಇಡೀ ವಾಕ್ಯವೇ ತಿನಿಸಿನ ಹೆಸರಾಗಿದೆ, ಅದರಲ್ಲೂ ಚತುರ್ಥಿ! ನಾನು ಸಂತೋಷದಿಂದ ಆ ವ್ಯಾಕರಣವನ್ನು ವಿವರಿಸತೊಡಗಿದೆ. ಆರುವ ಮೊದಲು ತಿನ್ನು ಎಂದರು.

ಸಂಜೆಗಳು ಲಾ ಕಾಲೇತಾದಲ್ಲಿ ಕಳೆದವು. ಎರಡು ಕೋಟೆಗಳ ನಡುವಿನ ಪುಟ್ಟ ಕಡಲತೀರ. ಇಳಿತದ ಹೊತ್ತಿಗೆ ದೋಣಿಗಳು ಮರಳಿನ ಮೇಲೆ ಒಂದು ಮಗ್ಗುಲಿಗೆ ವಾಲಿ ಮಲಗುತ್ತವೆ. ಮುದುಕಿಯರು ಕುರ್ಚಿ ತಂದು ಇಸ್ಪೀಟು ಆಡುತ್ತಾರೆ. ಸೂರ್ಯ ಮುಳುಗುವುದು ನಮ್ಮೂರಿನ ಹಾಗೆಯೇ, ನೇರ ನೀರಿಗೆ. ಮೂರನೆಯ ವಾರದ ಒಂದು ದಿನ ಅಲ್ಲಿ ಕೂತಿದ್ದಾಗ ಸುತ್ತಲಿನ ಗದ್ದಲ ತಾನಾಗಿ ವಾಕ್ಯಗಳಾಗಿ ಬಿಡಿಸಿಕೊಂಡಿತು. ಒಬ್ಬಾಕೆಯ ಸೊಸೆ, ಇನ್ನೊಬ್ಬಾಕೆಯ ಮೊಣಕಾಲು, ಮೀನಿನ ಬೆಲೆ. ಎಲ್ಲಿ ಸಕಾರ ಬಿದ್ದಿದೆಯೆಂದು ನಾನು ಹುಡುಕುತ್ತಿರಲಿಲ್ಲ.

ಹೊರಡುವ ಮುನ್ನಾದಿನ ಮಾರುಕಟ್ಟೆಯಲ್ಲಿ ಮನೆಯೊಡತಿಗೆಂದು ಸಿಗಡಿ ಕೊಳ್ಳುವಾಗ ಮಾರುವಾತ ಎಷ್ಟು ಎಂದು ಕೇಳಿದ. ‘ದೊಸಿಯೆಂತೊ ಗ್ರಾಮೊ’ ಎಂದೆ. ಎರಡೂ ಸಕಾರ ನನ್ನ ಬಾಯಿಯಿಂದಲೂ ಉದುರಿಹೋಗಿದ್ದವು. ಆತ ತಲೆಯೆತ್ತಲೂ ಇಲ್ಲ, ಇನ್ನೂರು ಗ್ರಾಂ ತೂಗಿ ಕಾಗದದಲ್ಲಿ ಸುತ್ತಿ ಕೊಟ್ಟ.