ಹೊಸ ವರ್ಷದ ಮೊದಲ ಅತಿಥಿ

ಇಲ್ಲಿ ಸ್ಕಾಟ್ಲೆಂಡ್‌ನಲ್ಲಿ ಡಿಸೆಂಬರ್ 31ರ ಹಬ್ಬಕ್ಕೆ ಹಾಗ್ಮನೇ ಅಂತಾರೆ. ಮಧ್ಯರಾತ್ರಿ ಕಳೆದ ಮೇಲೆ ಹೊಸ್ತಿಲು ದಾಟಿ ಬರುವ ಮೊದಲ ವ್ಯಕ್ತಿ ಎತ್ತರದ, ಕಪ್ಪು ಕೂದಲಿನ ಗಂಡಸಾಗಿದ್ದರೆ ವರ್ಷವಿಡೀ ಅದೃಷ್ಟ ಅನ್ನುವುದು ಹಳೆಯ ನಂಬಿಕೆ. ಬರಿಗೈಲಿ ಮಾತ್ರ ಬರಬಾರದು. ಒಂದು ತುಂಡು ಕಲ್ಲಿದ್ದಲು, ಶಾರ್ಟ್‌ಬ್ರೆಡ್ (ಬೆಣ್ಣೆ ಬಿಸ್ಕತ್ತು), ಉಪ್ಪು, ಸ್ವಲ್ಪ ವಿಸ್ಕಿ ತರಬೇಕು. ಒಲೆ ಆರದಿರಲಿ, ಊಟಕ್ಕೆ ಕೊರತೆಯಾಗದಿರಲಿ ಅನ್ನುವ ಹಾರೈಕೆ ಅದು. ಹೊಂಬಣ್ಣದ ಕೂದಲಿನವರು ಮೊದಲು ಬರಬಾರದು ಅನ್ನುವುದಕ್ಕೆ ಹಿಂದೆ ಉತ್ತರದಿಂದ ಹಡಗಿನಲ್ಲಿ ಬಂದು ಊರು ದೋಚುತ್ತಿದ್ದ ವೈಕಿಂಗರ ದಾಳಿಯ ಭಯವೇ ಕಾರಣ ಅಂತ ಹೇಳುತ್ತಾರೆ.

ಚಹಾ ಕುಡಿಯುತ್ತಾ ಇದನ್ನೆಲ್ಲ ಹೇಳಿದ ಪಕ್ಕದ ಮನೆಯ ಅಜ್ಜಿ, "ಈ ಸಲ ನಿಮ್ಮ ಯಜಮಾನರನ್ನೇ ಮೊದಲು ಕಳಿಸಮ್ಮ" ಅಂದರು. ಎಷ್ಟು ಖುಷಿಯಾಯಿತು ಅಂದರೆ, ಊರಿಗೆ ಫೋನ್ ಮಾಡಿ ಅತ್ತೆಗೂ ಹೇಳಿದೆ!

ಕ್ರಿಸ್‌ಮಸ್‌ಗಿಂತ ಹೊಸ ವರ್ಷವೇ ಇಲ್ಲಿ ಜಾಸ್ತಿ ಜೋರು ಯಾಕೆ ಅಂತ ಕೇಳಿದೆ. 16ನೇ ಶತಮಾನದಲ್ಲಿ ಕ್ಯಾಥೊಲಿಕ್ ಚರ್ಚಿನಿಂದ ಬೇರೆಯಾದ ಮತಸುಧಾರಣೆಯ ನಂತರ ಇಲ್ಲಿನ ಚರ್ಚ್ ಕ್ರಿಸ್‌ಮಸ್ ಆಚರಣೆಯನ್ನು ಒಪ್ಪಲಿಲ್ಲವಂತೆ. 1958ರವರೆಗೆ ಆ ದಿನ ಸಾರ್ವಜನಿಕ ರಜೆಯೇ ಇರಲಿಲ್ಲ. ಜನರ ಸಂಭ್ರಮವೆಲ್ಲ ಹೊಸ ವರ್ಷಕ್ಕೆ ಸೇರಿಕೊಂಡಿತು. ಜನವರಿ 2ಕ್ಕೂ ರಜೆ ಇದೆ, ಗೊತ್ತಾ?

ಮಾತು ಸ್ಕಾಟ್ಲೆಂಡಿನ ಉತ್ತರದ ದ್ವೀಪಗಳಾದ ಶೆಟ್ಲೆಂಡ್‌ ಕಡೆಗೂ ಹೋಯಿತು. ಅಲ್ಲಿನ ಪಟ್ಟಣ ಲರ್ವಿಕ್‌ನಲ್ಲಿ ಜನವರಿಯ ಕೊನೆಯ ಮಂಗಳವಾರ ಪಂಜಿನ ಮೆರವಣಿಗೆ ಮಾಡಿ, ವೈಕಿಂಗ್ ಹಡಗಿನ ಮಾದರಿಯನ್ನು ಸುಡುತ್ತಾರೆ. ಆ ಮೆರವಣಿಗೆಯ ತಂಡಗಳಲ್ಲಿ ಹೆಣ್ಣುಮಕ್ಕಳಿಗೆ ಅವಕಾಶ ಸಿಕ್ಕಿದ್ದು 2023ರಲ್ಲಿ. ಹಬ್ಬ ಅಂದಮೇಲೆ ಎಲ್ಲರದ್ದೂ ಅಲ್ವಾ? ಇದು ಎಂದೋ ಆಗಬೇಕಿತ್ತು. ಆದರೂ ಆಯಿತಲ್ಲ ಅಂತ ಅಜ್ಜಿಗೂ ಖುಷಿ, ನನಗೂ.